ರಾಣಿ ಕಾಪಿಟ್ಟ ಪುಟ್ಟ ಪಾದಗಳು

ಲಂಡನ್ ವಿಮಾನ ನಿಲ್ದಾಣ

ಇಂಗ್ಲೆಂಡಿನಲ್ಲಿ ನಮ್ಮನ್ನು ಮೊದಲು ವಿಚಾರಿಸಿಕೊಂಡಿದ್ದು ಒಂದು ನಾಯಿ. ಸುಂಕದವರ ನಾಯಿ, ಮೈಮೇಲೆ ಸರ್ಕಾರಿ ಅಂಗಿ ಬೇರೆ. ಅಷ್ಟು ಜನರ ನಡುವೆ ಅದು ನೇರವಾಗಿ ಬಂದು ನನ್ನ ಅಕ್ಕನ ಚೀಲದ ಮುಂದೆ ಕುಳಿತು ನನ್ನ ಮುಖವನ್ನೇ ನೋಡತೊಡಗಿತು. ಚೀಲದಲ್ಲಿದ್ದದ್ದು ಬಾಣಂತಿಗೆಂದು ಕಟ್ಟಿದ ಅಂಟಿನುಂಡಿ. ಅಕ್ಕ ಅದನ್ನು ಕಟ್ಟುವಾಗ ಕೊಬ್ಬರಿ, ಉತ್ತತ್ತಿ, ತುಪ್ಪದ ವಾಸನೆಗೆ ಹೂವಿನಹಡಗಲಿಯ ಓಣಿಯ ನಾಯಿಗಳೆಲ್ಲ ಬಾಗಿಲು ಕಾದಿದ್ದವು. ಪರದೇಶದ ನಾಯಿಯದೇನೂ ತಪ್ಪಿರಲಿಲ್ಲ.

ಅಧಿಕಾರಿ "ಇದೇನು?" ಎಂದು ಕೇಳಿದ. ನಾನು ಕೊಟ್ಟೂರಿನ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಊರಿನಲ್ಲಿ ನನ್ನ ಇಂಗ್ಲಿಷಿಗೆ ಒಳ್ಳೆಯ ಹೆಸರಿದೆ, ಯಾಕೆಂದರೆ ಅಲ್ಲಿ ಅದನ್ನು ಬಳಸುವ ಸಂದರ್ಭವೇ ಬರುವುದಿಲ್ಲ. ಎದೆ ಮುಂದೆ ಮಾಡಿ, "ಇದು ಹೆರಿಗೆಯಾದವರು ತಿನ್ನುವ ಸಿಹಿ" ಎಂದೆ. ಅವನು ಎಪ್ಪತ್ತು ದಾಟಿದ ಅಕ್ಕನನ್ನು ನೋಡಿದ. ಆಮೇಲೆ ನನ್ನ ಹೊಟ್ಟೆಯನ್ನು ನೋಡಿದ. ಅಕ್ಕ ಡಬ್ಬಿ ತೆಗೆದು, "ತಗೋರಿ ಸಾಹೇಬ್ರ, ಒಂದು ಬಾಯಾಗ ಹಾಕ್ಕೊಳ್ರಿ" ಎಂದಳು. ಆ ದೇಶಕ್ಕೆ ತುಪ್ಪ ತರುವ ಹಾಗಿಲ್ಲವಂತೆ. ಅವನು ಡಬ್ಬಿಯನ್ನೇ ಇಟ್ಟುಕೊಂಡ.

"ನಾಯಿಗಾದ್ರೂ ಹಾಕ್ತಾರೇನ್ಲೇ ಕೊಟ್ರೇಶಿ?" ಎಂದು ಅಕ್ಕ ದಾರಿಯುದ್ದಕ್ಕೂ ಕೇಳಿದಳು.

ನಾನು ಬಂದದ್ದು ಮೊಮ್ಮಗಳನ್ನು ನೋಡಲು. ಆದರೆ ಕೊಟ್ಟೂರಿನ ಚಹಾದಂಗಡಿಯಲ್ಲಿ ಹೇಳಿಕೊಂಡು ಬಂದದ್ದು, ಇಂಗ್ಲೆಂಡಿನ ಹಳೇ ರಾಣಿಯ ಚಿತ್ರಗಳನ್ನು ಅಭ್ಯಾಸ ಮಾಡಲು ಹೋಗುತ್ತಿದ್ದೇನೆ ಎಂದು. ಹಳೇ ರಾಣಿ ಎಂದರೆ ನಮ್ಮ ಅಜ್ಜಿಯರ ಬೆಳ್ಳಿ ರೂಪಾಯಿಯ ಮೇಲಿದ್ದವಳು, ಹತ್ತೊಂಬತ್ತನೇ ಶತಮಾನದಲ್ಲಿ ಅರ್ಧ ಲೋಕ ಆಳಿದವಳು. ಅವಳು ಚಿಕ್ಕಂದಿನಿಂದ ಮುಪ್ಪಿನವರೆಗೂ ಚಿತ್ರ ಬರೆಯುವುದನ್ನು ಬಿಡಲಿಲ್ಲ, ರಾಣಿಯಾದ ಮೇಲೂ ಡ್ರಾಯಿಂಗ್ ಮೇಷ್ಟ್ರನ್ನು ಕರೆಸಿಕೊಂಡು ಪಾಠ ಹೇಳಿಸಿಕೊಳ್ಳುತ್ತಿದ್ದಳು ಎಂದು ತರಬೇತಿಯ ಕಾಲದಲ್ಲಿ ಓದಿದ್ದೆ. ಅಂದಿನಿಂದ, ಲೆಕ್ಕದ ಮೇಷ್ಟ್ರು ನನ್ನ ಪೀರಿಯಡ್ ಕಿತ್ತುಕೊಂಡಾಗಲೆಲ್ಲ ಈ ರಾಣಿಯನ್ನು ಸ್ಟಾಫ್ ರೂಮಿನಲ್ಲಿ ತಂದು ನಿಲ್ಲಿಸುತ್ತಿದ್ದೆ. ಲೆಕ್ಕದ ಮೇಷ್ಟ್ರು ಅವಳಿಗೂ ಅಂಜುತ್ತಿರಲಿಲ್ಲ.

ಮಗಳ ಮನೆ, ಸೌತಾಂಪ್ಟನ್

ನನ್ನ ಮಗಳು ವೀಣಾ ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಹರಪನಹಳ್ಳಿಯ ನನ್ನ ಅಳಿಯನೂ ನರ್ಸೇ. ಅವಳು ರಜೆಯಲ್ಲಿದ್ದರೆ ಅವನು ಎರಡು ಪಾಳಿ ದುಡಿಯುತ್ತಿದ್ದ, ನಾವಿದ್ದಷ್ಟು ದಿನ ಅವನನ್ನು ಹೆಚ್ಚಾಗಿ ಕಂಡದ್ದು ಮಲಗಿದ್ದಾಗಲೇ. ವೀಣಾಳ ತಾಯಿ ಬೇಗ ತೀರಿಕೊಂಡಳು. ವೀಣಾಳನ್ನು ಹಡಗಲಿಯಲ್ಲಿಟ್ಟುಕೊಂಡು ಬೆಳೆಸಿದವಳು ನನ್ನ ಅಕ್ಕ ಹಂಪಮ್ಮ. ಹಾಗಾಗಿ ಬಾಣಂತನಕ್ಕೆ ಯಾರು ಹೋಗಬೇಕು ಎಂಬ ಮಾತೇ ಬರಲಿಲ್ಲ. ನಾನು ಅಕ್ಕನಿಗೆ ದಾರಿ ತೋರಿಸಲು ಬಂದವನು. ಮೊದಲ ದಿನವೇ ಹಾಲು ತರಲು ಹೋಗಿ, ಒಂದೇ ಥರದ ಮನೆಗಳ ಸಾಲಿನಲ್ಲಿ ದಾರಿ ತಪ್ಪಿ, ಯಾರದೋ ಬಾಗಿಲಿಗೆ ನಮ್ಮ ಮನೆಯ ಕೀಲಿ ಹಾಕಿ ತಿರುಗಿಸಿದೆ. ಒಳಗಿನಿಂದ ಬಂದ ಮುದುಕ ನನಗೇ "ಸಾರಿ" ಎಂದ. ಆ ದೇಶದ ಜನ ಹಾಗೆಯೇ, ಕಾಲು ತುಳಿದವನು ಬಾಯಿ ತೆರೆಯುವ ಮೊದಲೇ ತುಳಿಸಿಕೊಂಡವರು ಕ್ಷಮೆ ಕೇಳಿರುತ್ತಾರೆ.

ಕಾಲಿನ ಮಾತು ಬಂತು. ಆ ಮನೆಯಲ್ಲಿ ಬಾರದಿದ್ದ ಮಾತು ಅದೊಂದೇ. ಕೂಸಿನ ಎಡಪಾದ ಹುಟ್ಟುವಾಗಲೇ ಒಳಕ್ಕೆ ಹೊರಳಿತ್ತು. ವಾರಕ್ಕೊಮ್ಮೆ ಆಸ್ಪತ್ರೆಗೆ ಒಯ್ದರೆ ಹಳೆಯ ಪ್ಲಾಸ್ಟರ್ ಬಿಚ್ಚಿ, ಪಾದವನ್ನು ಕೈಯಿಂದ ಸ್ವಲ್ಪವೇ ಸ್ವಲ್ಪ ತಿರುಗಿಸಿ, ಹೊಸ ಪ್ಲಾಸ್ಟರ್ ಕಟ್ಟಿ ಕಳಿಸುತ್ತಿದ್ದರು. ನೆಟ್ಟಗಾಗುತ್ತದೆ ಎಂದು ಡಾಕ್ಟರು ಹೇಳಿದ್ದರು, ನರ್ಸಾದ ಮಗಳಿಗೂ ಅದು ಗೊತ್ತಿತ್ತು. ಆದರೂ ಅವಳು ಕೂಸನ್ನು ಸದಾ ಕಂಬಳಿಯಲ್ಲಿ ಸುತ್ತಿಯೇ ಇಟ್ಟಿರುತ್ತಿದ್ದಳು. ಕೊಟ್ಟೂರಿಗೆ ಕಳಿಸಿದ ಫೋಟೊಗಳಲ್ಲೆಲ್ಲ ಕೂಸಿಗೆ ಮುಖ ಮಾತ್ರ ಇತ್ತು. ಮೊಮ್ಮಗಳ ಚಿತ್ರ ಬರೆಯಲೆಂದು ನಾನು ಹೊಸ ಡ್ರಾಯಿಂಗ್ ಹಾಳೆ ತಂದಿದ್ದೆ. "ಈಗ ಬ್ಯಾಡ ಅಪ್ಪಾ. ಎಲ್ಲಾ ಸರಿ ಆದಮ್ಯಾಲ ಬರಿ" ಎಂದಳು.

ಅಕ್ಕ ಸುಮ್ಮನಿರುವವಳಲ್ಲ. ಬಂದ ವಾರವೇ ಉಚ್ಚಂಗೆಮ್ಮನಿಗೆ ಹರಕೆ ಹೊತ್ತಳು, ಕೂಸಿನ ಕಾಲು ನೆಟ್ಟಗಾದರೆ ಬೆಳ್ಳಿಯ ಪಾದ ಮಾಡಿಸಿ ಗುಡ್ಡ ಹತ್ತಿ ಒಪ್ಪಿಸುತ್ತೇನೆಂದು. ನಮ್ಮ ಕಡೆ ಇದು ಹೊಸದಲ್ಲ. ಕಣ್ಣುಬೇನೆ ಬಂದವರು ಬೆಳ್ಳಿಯ ಕಣ್ಣು, ಕೈ ಮುರಿದವರು ಬೆಳ್ಳಿಯ ಕೈ ಕೊಡುತ್ತಾರೆ. ಅದನ್ನು ಕೇಳಿ ವೀಣಾ ಕೈಯಲ್ಲಿದ್ದ ಪಾತ್ರೆಯನ್ನು ಕಟ್ಟೆಯ ಮೇಲೆ ಕುಕ್ಕಿದಳು.

"ಅತ್ತಿ, ನನ್ನ ಮಗಳ ಕಾಲಿನ ಸುದ್ದಿ ದೇವರ ಮುಂದೂ ಬ್ಯಾಡ, ಊರ ಮುಂದೂ ಬ್ಯಾಡ. ನನಗ ಆಗಂಗಿಲ್ಲ."

ಅಕ್ಕ ಬೆಳೆಸಿದ ಹುಡುಗಿ ಅವಳ ಮುಂದೆ ಹೀಗೆ ದನಿ ಎತ್ತಿದ್ದು ಅದೇ ಮೊದಲು. ಆಮೇಲೆ ಮನೆಯಲ್ಲಿ ಅನ್ನ, ಸಾರು, ಹವಾಮಾನ ಇಷ್ಟೇ ಮಾತಾಯಿತು. ಮನೆಯೊಳಗಿನ ಗಾಳಿ ಹಗುರ ಮಾಡಲು ನನಗೆ ತಿಳಿದ ಉಪಾಯ ಒಂದೇ, ನನ್ನ ರಾಣಿ. "ಸಮುದ್ರದ ಆಚೆ ದ್ವೀಪದಾಗ ಆಕಿ ಸ್ವಂತ ಮನಿ ಐತಂತ, ಒಂದಿನ ಹೋಗಿ ಬರೋಣ" ಎಂದು ಗಂಟುಬಿದ್ದೆ. ನನ್ನ ಕಾಟ ತಾಳದೆ ವೀಣಾ ಒಪ್ಪಿದಳು.

ದೋಣಿಯಲ್ಲಿ

ದೋಣಿ ಎಂದು ನಾನು ಹೇಳಿದರೂ ಅದರ ಹೊಟ್ಟೆಯಲ್ಲಿ ಲಾರಿ, ಬಸ್ಸುಗಳೇ ನಿಂತಿದ್ದವು. ತುಂಗಭದ್ರೆಯಲ್ಲಿ ತೆಪ್ಪ ಹತ್ತಿದ ಅನುಭವವನ್ನು ಅಕ್ಕನಿಗೆ ವಿವರಿಸಿ ಧೈರ್ಯ ಹೇಳುತ್ತಿದ್ದವನು, ದಡ ಬಿಟ್ಟ ಸ್ವಲ್ಪ ಹೊತ್ತಿಗೆ ಕಂಬಿ ಹಿಡಿದು ಕಣ್ಣು ಮುಚ್ಚಿದೆ. ಅಕ್ಕ ಸೆರಗಿನ ಗಂಟಿನಿಂದ ಒಣಗಿಸಿದ ನಿಂಬೆಹೋಳು ತೆಗೆದು ನನ್ನ ಬಾಯಿಗೆ ತುರುಕಿದಳು. ಸುಂಕದವರ ನಾಯಿಗೆ ಇದೊಂದರ ವಾಸನೆ ಹತ್ತಿರಲಿಲ್ಲ.

ಪಕ್ಕದಲ್ಲಿ ಒಬ್ಬಳು ಬಿಳಿಯ ಹೆಂಗಸು ನಾಯಿಮರಿ ಹಿಡಿದು ಕೂತಿದ್ದಳು. ಅಲ್ಲಿಯವರು ಹೊಸಬರನ್ನು ಮಾತನಾಡಿಸುವುದಿಲ್ಲ ಎಂದು ಕೇಳಿದ್ದೆ. ಆದರೆ ನಾಯಿ ಅಥವಾ ಕೂಸು ನಡುವೆ ಇದ್ದರೆ ಅವರೂ ನಮ್ಮ ಕಾನಹೊಸಹಳ್ಳಿ ಬಸ್ಸಿನವರಂತೆಯೇ ಎಲ್ಲ ವಿಚಾರಿಸುತ್ತಾರೆ. ಹೆಸರೇನು, ಎಷ್ಟು ತಿಂಗಳು, ರಾತ್ರಿ ಮಲಗುತ್ತದೆಯೇ ಎಂದಳು. ಕೂಸು ಕೈಕಾಲು ಝಾಡಿಸಿತು, ಕಂಬಳಿ ಸರಿಯಿತು. ಹೆಂಗಸು ಬಗ್ಗಿ ನೋಡುವಷ್ಟರಲ್ಲಿ ವೀಣಾ ಕಂಬಳಿ ಎಳೆದು ಸುತ್ತಿ ಎದ್ದು ಆಚೆ ಹೋಗಿ ನಿಂತಳು. ಹೆಂಗಸು "ಸಾರಿ" ಎಂದಳು, ಗಾಳಿಗೆ ಹೇಳಿದ ಹಾಗೆ. ಅಕ್ಕ ನನ್ನ ಮುಖ ನೋಡಿದಳು, ನಾನು ಸಮುದ್ರ ನೋಡಿದೆ. ಆಮೇಲೆ ಇನ್ನೊಂದು ನಿಂಬೆಹೋಳಿಗೆ ಕೈ ಚಾಚಿದೆ.

ರಾಣಿಯ ಮನೆ

ಗುಡ್ಡದ ಮೇಲೆ, ಸಮುದ್ರಕ್ಕೆ ಮುಖ ಮಾಡಿ, ಎರಡು ಗೋಪುರದ ಹಳದಿ ಮನೆ. ರಾಜ್ಯಭಾರದ ಅರಮನೆಗಳು ಬೇರೆ ಇದ್ದವಂತೆ, ಇದು ಗಂಡ, ಹೆಂಡತಿ, ಮಕ್ಕಳು ಬಾಗಿಲು ಹಾಕಿಕೊಂಡು ಇರಲು ಕಟ್ಟಿಸಿದ್ದು. ಅವರ ಕೋಣೆಯಲ್ಲಿ ಎರಡು ಮೇಜು ಪಕ್ಕ ಪಕ್ಕದಲ್ಲಿವೆ, ಒಂದು ಅವಳದು, ಒಂದು ಅವನದು. ಅವಳ ಸ್ನಾನದ ತೊಟ್ಟಿಯನ್ನೂ ನೋಡಿದೆವು. ಊರವರೆಲ್ಲ ಸಾಲಾಗಿ ನಿಂತು ಒಬ್ಬ ಹೆಣ್ಣುಮಗಳ ಬಚ್ಚಲು ನೋಡುವುದು ಅಕ್ಕನಿಗೆ ಸರಿಬರಲಿಲ್ಲ. ಮುಖ ಅತ್ತ ತಿರುಗಿಸಿಕೊಂಡು ದಾಟಿದಳು.

ಗಂಡ ನಡುವಯಸ್ಸಿನಲ್ಲೇ ತೀರಿಕೊಂಡ. ಆಮೇಲೆ ಅವನ ಕೋಣೆಯನ್ನು ರಾಣಿ ಇದ್ದ ಹಾಗೆಯೇ ಇಡಿಸಿದಳು, ಅವನ ಬಟ್ಟೆ ತೆಗೆದಿಡುವುದನ್ನು, ಬಿಸಿನೀರು ತರುವುದನ್ನು ಸೇವಕರು ನಿಲ್ಲಿಸದಂತೆ ನೋಡಿಕೊಂಡಳು. ಅಲ್ಲಿ ಕಾವಲಿಗಿದ್ದ ಬಿಳಿಕೂದಲಿನ ಹೆಂಗಸು ಇದನ್ನು ಹೇಳಿದಾಗ ವೀಣಾ ಕನ್ನಡದಲ್ಲಿ ಅಕ್ಕನಿಗೆ ಹೇಳಿದಳು. ಅಕ್ಕನ ಗಂಡ ಹೋಗಿ ಬಹಳ ಕಾಲವಾಗಿದೆ. ಹಡಗಲಿಯಲ್ಲಿ ಮನೆತುಂಬ ಮಲ್ಲಿಗೆ ಕಟ್ಟಿ ಸಂತೆಗೆ ಕಳಿಸುತ್ತಾಳೆ, ಒಂದು ಎಸಳನ್ನೂ ಮುಡಿಯುವುದಿಲ್ಲ.

"ನಮ್ಮಲ್ಲಿ ಗಂಡ ಸತ್ರ ಹೆಂಡತಿ ಮೈಮ್ಯಾಲಿಂದು ತಗೀತಾರ" ಎಂದಳು ಅಕ್ಕ. "ಇಲ್ಲಿ ಗಂಡಂದನ್ನ ತಗ್ಯಾಕ ಬಿಟ್ಟಿಲ್ಲ ನೋಡು ಈಕಿ."

ಓಣಿಯಂಥ ಒಂದು ಉದ್ದ ಹಾದಿಯ ಗೋಡೆಯ ಮೇಲೆ ನಮ್ಮ ದೇಶದ ಮುಖಗಳಿದ್ದವು. ರಾಣಿ ಒಬ್ಬ ಚಿತ್ರಕಾರನಿಂದ ಬರೆಸಿದ್ದಂತೆ. ಮುಪ್ಪಿನಲ್ಲಿ ಅವಳು ಉರ್ದು ಅಕ್ಷರ ತಿದ್ದಲೂ ಕೂತಿದ್ದಳು. "ಈತ ಕೂಡ್ಲಿಗಿ ಸಂತ್ಯಾಗ ಕಂಬಳಿ ಮಾರಾತನ ಹಂಗ ಅದಾನ" ಎಂದು ಅಕ್ಕ ಒಬ್ಬನನ್ನು ಗುರುತಿಸಿ, ಬಹಳ ಹೊತ್ತು ಅವನ ಮುಂದೆ ನಿಂತಳು.

ನಾನು ಮುಂದೆ ಹೋಗಿ ರಾಣಿ ಕೈಯಾರೆ ಬರೆದ ಚಿತ್ರಗಳ ಮುಂದೆ ನಿಂತೆ. ಗುಡ್ಡ, ನೀರು, ಸ್ಕಾಟ್‌ಲ್ಯಾಂಡಿನ ಮೋಡ, ಆಟವಾಡುವ ಮಕ್ಕಳು. ತಪ್ಪು ಹುಡುಕಲು ಕನ್ನಡಕ ಹಾಕಿದೆ. ನನ್ನ ತರಗತಿಯಲ್ಲಿದ್ದಿದ್ದರೆ ಒಳ್ಳೆಯ ಅಂಕ ಕೊಡುತ್ತಿದ್ದೆ ಎಂದುಕೊಂಡೆ. ಇನ್ನೂ ಸ್ವಲ್ಪ ನೋಡಿದ ಮೇಲೆ, ಅವಳ ತರಗತಿಯಲ್ಲಿ ನಾನಿದ್ದಿದ್ದರೆ ಪಾಸಾಗುವುದು ಕಷ್ಟವಿತ್ತು ಎನಿಸಿತು. ಆದರೂ ಮೇಷ್ಟ್ರ ಬಾಯಿ ಸುಮ್ಮನಿರಬೇಕಲ್ಲ. ಸೇಲಂ ಕಡೆಯ ಒಂದು ಕುಟುಂಬ ನನ್ನ ಹಿಂದೆ ನಿಂತಿತ್ತು. ಅವರಿಗೆ ಇಂಗ್ಲಿಷಿನಲ್ಲಿ, ಬಣ್ಣವನ್ನು ಇಲ್ಲಿ ಎಷ್ಟು ತೆಳುವಾಗಿ ಹರಿಸಿದ್ದಾಳೆ, ಇಲ್ಲಿ ಹೇಗೆ ದಪ್ಪಗೆ ಕೂರಿಸಿದ್ದಾಳೆ, ಕುಂಚದ ಒತ್ತು ಎಲ್ಲಿ ಬಿದ್ದಿದೆ ಎಂದು ಬೆರಳು ಮಾಡಿ ತೋರಿಸಿದೆ. ಅವರು ನನ್ನನ್ನು ಗೈಡ್ ಎಂದೇ ತಿಳಿದು ತಲೆದೂಗಿದರು. ಬಿಳಿಕೂದಲಿನ ಹೆಂಗಸು ಮೆಲ್ಲಗೆ ಹತ್ತಿರ ಬಂದು, ಇವೆಲ್ಲ ಅಚ್ಚು ಹಾಕಿದ ಪ್ರತಿಗಳು, ಮೂಲ ಚಿತ್ರಗಳು ಬೇರೆ ಕಡೆ ಇವೆ ಎಂದಳು. "ಸಾರಿ" ಎಂದೂ ಸೇರಿಸಿದಳು. ಇಷ್ಟಾದರೂ ಸೇಲಂನವರು ನನ್ನನ್ನು ಬಿಡಲಿಲ್ಲ. ಮುಂದಿನ ಕೋಣೆಗೂ ಹಿಂದೆಯೇ ಬಂದರು.

ಆ ಕೋಣೆ ಹಳದಿ ರೇಷ್ಮೆ ಪರದೆಯ ದೊಡ್ಡ ಹಜಾರ. ಅಲ್ಲಿ ಗಾಜಿನ ಮುಚ್ಚಳಗಳ ಕೆಳಗೆ, ಮೆತ್ತೆಯ ಮೇಲೆ ಇಟ್ಟ ಹಾಗೆ, ಅಮೃತಶಿಲೆಯ ಪುಟ್ಟ ಕೈಗಳು, ಪುಟ್ಟ ಪಾದಗಳು. ಹಾಲುಗಲ್ಲದ ಕೂಸುಗಳವು, ಬೆರಳಿನ ಮಡಿಕೆಗಳು ಸಮೇತ.

ನನ್ನ ಓದಿನಲ್ಲಿ ಇವು ಎಲ್ಲೂ ಬಂದಿರಲಿಲ್ಲ. ಅಕ್ಕ ನಿಂತಲ್ಲೇ ಚಪ್ಪಲಿ ಬಿಟ್ಟಳು. ಎರಡೂ ಕೈ ಮುಗಿದಳು.

"ಏನ್ ತಾಯಿ, ಇಷ್ಟೂ ಮಕ್ಕಳಿಗೆ ಬ್ಯಾನಿ ಆಗಿತ್ತೇನು? ಯಾವ ದೇವರಿಗೆ ಹರಕಿ ಹೊತ್ತಿದ್ಲು ಕೇಳ್ಲೇ ಕೊಟ್ರೇಶಿ."

ನಾನು ತಿದ್ದಬೇಕಿತ್ತು. ಸತ್ಯ ಹೇಳುತ್ತೇನೆ, ನನಗೂ ಅದೇ ತೋಚಿತ್ತು. ಕೈ ಮತ್ತು ಕಾಲನ್ನು ಬಿಡಿಬಿಡಿಯಾಗಿ ಮಾಡಿಸಿ ಇಡುವುದಕ್ಕೆ ನಮ್ಮ ಕಡೆಯವನಿಗೆ ಬೇರೆ ಯಾವ ಕಾರಣ ಹೊಳೆಯಬೇಕು? ಸೇಲಂನವರು ನನ್ನ ಬಾಯನ್ನೇ ನೋಡುತ್ತಿದ್ದರು. ಗಂಭೀರವಾಗಿ, "ಇವು ಹರಕೆಯ ಪಾದಗಳು. ಮಕ್ಕಳ ಕಾಯಿಲೆ ವಾಸಿಯಾದದ್ದಕ್ಕೆ ರಾಣಿ ದೇವರಿಗೆ ಒಪ್ಪಿಸಿದ್ದು" ಎಂದು ಇಂಗ್ಲಿಷಿನಲ್ಲಿ ಸಾರಿದೆ. ಸೇಲಂನ ಅಜ್ಜಿ ಕೂಡಲೇ ಕೈ ಮುಗಿದಳು. ಅವಳ ಸೊಸೆಯೂ ಮುಗಿದಳು. ಹಿಂದಿನಿಂದ ಬಂದ ಇಬ್ಬರು ಜಪಾನಿನವರು ಇದು ಇಲ್ಲಿಯ ಪದ್ಧತಿ ಇರಬೇಕೆಂದು ನಡು ಬಗ್ಗಿಸಿದರು.

ಬಿಳಿಕೂದಲಿನ ಹೆಂಗಸು ಓಡಿ ಬಂದು ಏನಾಯಿತು ಎಂದು ಕೇಳಿದಳು. ನನ್ನ ಇಂಗ್ಲಿಷು ಆ ಹೊತ್ತಿಗೆ ಸರಿಯಾಗಿ ಕೈಕೊಟ್ಟಿತು. ವೀಣಾಳೇ ಮಾತಾಡಬೇಕಾಯಿತು. ಎದೆಗೆ ಕೂಸನ್ನು ಕಟ್ಟಿಕೊಂಡು, ನನ್ನ ಮಗಳು ತಾನು ಮನೆಯಲ್ಲಿ ಬೇಡವೆಂದಿದ್ದ ಮಾತುಗಳನ್ನೇ ಒಂದೊಂದಾಗಿ ಹೇಳಿದಳು. ಪಾದ. ಬೇನೆ. ಹರಕೆ. ಅವಳ ಕಿವಿ ಕೆಂಪಾದದ್ದು ನನಗೆ ಕಾಣುತ್ತಿತ್ತು, ಎಲ್ಲಾದರೂ ಅಡಗಿಕೊಳ್ಳಬೇಕೆನಿಸಿತು.

ಹೆಂಗಸು ನಗಲಿಲ್ಲ. ಮಕ್ಕಳು ಚೆನ್ನಾಗಿಯೇ ಇದ್ದರು, ಬೇನೆ ಏನೂ ಇರಲಿಲ್ಲ ಎಂದಳು. ಕೂಸಿನ ಕೈಕಾಲು ಬೆಳೆದುಬಿಡುತ್ತವೆ, ಚಿಕ್ಕವಾಗಿ ಮತ್ತೆ ಸಿಗುವುದಿಲ್ಲ, ಅದಕ್ಕೇ ರಾಣಿ ಅವನ್ನು ಕಲ್ಲಿನಲ್ಲಿ ಮಾಡಿಸಿ ಇಟ್ಟುಕೊಂಡಳು ಎಂದಳು. ರಾಣಿ ತಾನೂ ಮಕ್ಕಳ ಕೋಣೆಯಲ್ಲಿ ಕೂತು ಅವರನ್ನು ಬರೆಯುತ್ತಿದ್ದಳು. ಒಂದು ವಿಚಿತ್ರವೆಂದರೆ ಎಳೆಗೂಸುಗಳು ಅವಳ ಕಣ್ಣಿಗೆ ಚಂದವೇ ಕಾಣುತ್ತಿರಲಿಲ್ಲವಂತೆ, ಅದನ್ನು ಬಾಯಿಬಿಟ್ಟು ಹೇಳುತ್ತಲೂ ಇದ್ದಳಂತೆ.

ವೀಣಾ ಅಷ್ಟನ್ನೂ ಕನ್ನಡಕ್ಕೆ ತಂದಳು. ಅಕ್ಕನಿಗೆ ಒಪ್ಪಿಗೆಯಾಗಲಿಲ್ಲ.

"ಬ್ಯಾನಿ ಇಲ್ಲದ ಕಾಲು ಯಾಕ ಮಾಡಸ್ತಾರ?"

"ಹಂಗಾ, ಅತ್ತಿ. ಇಟ್ಕೊಳ್ಳಾಕ."

"ಚಂದ ಇಲ್ಲ ಅಂತಿದ್ಲಂತ?"

"ಹ್ಞೂಂ."

"ಚಂದ ಇಲ್ಲ ಅಂದಕಿ, ಮತ್ತ ಕುಂತು ಬರದ್ಲಾ?"

"ಬರದ್ಲಂತ."

ಅಕ್ಕ ಗಾಜಿನ ಮೇಲೆ ಬಗ್ಗಿ ಇನ್ನೊಮ್ಮೆ ನೋಡಿದಳು. "ಹಂಗಾರ ಆಕಿ ತಾಯಿ ಬಿಡು" ಎಂದಳು. ಆಮೇಲೆ ಚಪ್ಪಲಿ ಹುಡುಕತೊಡಗಿದಳು. ಜಪಾನಿನವರು ಅವುಗಳನ್ನು ಜೋಡಿಸಿ ಬಾಗಿಲ ಪಕ್ಕ ಇಟ್ಟಿದ್ದರು.

ತೋಟದ ಬೆಂಚು

ಹೊರಗೆ ಸಮುದ್ರ ಕಾಣುವ ಬೆಂಚಿನ ಮೇಲೆ ಕೂತೆವು. ನಾನು ಅಪರಾಧಿಯಂತೆ ತುದಿಯಲ್ಲಿ ಕೂತೆ. ಜಪಾನಿನವರೆಗೂ ನನ್ನ ಅಜ್ಞಾನ ತಲುಪಿತಲ್ಲ ಎಂಬ ನಾಚಿಕೆ ಒಂದು ಕಡೆ, ಮಗಳನ್ನು ಹತ್ತು ಜನರ ಮುಂದೆ ಆ ಮಾತಿಗೆ ನೂಕಿದೆನಲ್ಲ ಎಂಬ ಸಂಕಟ ಇನ್ನೊಂದು ಕಡೆ. "ತಪ್ಪಾತು ವೀಣಾ, ಮನೀಗೆ ಹೋಗೋಣ" ಎಂದೆ.

ಅವಳು ಕೂಸನ್ನು ತೊಡೆಯ ಮೇಲೆ ಮಲಗಿಸಿ ಕಂಬಳಿ ಬಿಚ್ಚಿದಳು. ಎಡಗಾಲಿಗೆ ಹಾಕಿದ್ದ ಉಣ್ಣೆಯ ಕಾಲುಚೀಲವನ್ನೂ ಎಳೆದು ತೆಗೆದಳು. ತೊಡೆಯವರೆಗೆ ಬಿಳಿ ಪ್ಲಾಸ್ಟರ್, ತುದಿಯಲ್ಲಿ ಐದು ಬೆರಳು. ಜನ ಓಡಾಡುತ್ತಿದ್ದರು. ಅವಳು ಮುಚ್ಚಲಿಲ್ಲ.

"ಅಪ್ಪಾ, ಹುಟ್ಟಿದ ದಿನ ಇದು ಹೆಂಗಿತ್ತು ಗೊತ್ತೇನು?"

"ನಾನು ಇರಲಿಲ್ಲಲ್ಲವ್ವಾ."

"ನಾನು ಇದ್ದೆ. ನನಗೂ ನೆನಪಿಲ್ಲ." ಅವಳು ಆ ಐದು ಬೆರಳು ಸವರಿದಳು. "ನೋಡಾಕ ಆಗದ ಮುಖ ತಿರುಗಿಸ್ತಿದ್ದೆ. ಒಂದು ಫೋಟೊನೂ ತಗದಿಲ್ಲ. ವಾರ ವಾರಕ್ಕ ಬ್ಯಾರೆ ಆಗಾಕ ಹತ್ತೇತಿ. ನನ್ನ ಕೂಸಿನ ಕಾಲು, ನಾನಾ ನೋಡ್ಲಿಲ್ಲ."

ಅಕ್ಕ ಅವಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. ಸೀರೆಯ ಸೆರಗು ಒದ್ದೆಯಾಯಿತು. ನನಗೂ ಅಳು ಬಂತು, ಕನ್ನಡಕ ಒರೆಸುವ ನೆಪದಲ್ಲಿ ಮುಗಿಸಿದೆ. ಹರಕೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ವಾಪಸು ಬರುವಾಗ ದೋಣಿಯಲ್ಲಿ ಕೂಸು ಕಂಬಳಿ ಒದ್ದಾಗ ವೀಣಾ ಅದನ್ನು ಹಾಗೆಯೇ ಬಿಟ್ಟಳು.

ಪ್ಲಾಸ್ಟರ್ ಕೋಣೆ

ಆ ವಾರದ ಆಸ್ಪತ್ರೆಯ ದಿನ ವೀಣಾ ನನ್ನನ್ನೂ ಅಕ್ಕನನ್ನೂ ಜೊತೆಗೆ ಹೊರಡಿಸಿದಳು. "ಹಾಳಿ, ಪೆನ್ಸಿಲ್ ತಗೋ ಅಪ್ಪಾ" ಎಂದಳು. ಅಲ್ಲಿ ಹಳೆಯ ಪ್ಲಾಸ್ಟರನ್ನು ನೆನೆಸಿ ಬಿಚ್ಚಿ, ಕೂಸಿಗೆ ಸ್ನಾನ ಮಾಡಿಸಲು ತಾಯಿಗೆ ಸ್ವಲ್ಪ ಹೊತ್ತು ಬಿಡುತ್ತಾರೆ. ಹೊಸದು ಕಟ್ಟುವ ಮೊದಲು ಕಾಲು ಬಯಲಿಗೆ ಬರುವುದು ಆಗ ಮಾತ್ರ.

ಅಕ್ಕ ಬೆಚ್ಚನೆಯ ನೀರಿನಲ್ಲಿ ಎರೆದಳು. ಕೂಸು ಬಿಡುಗಡೆಯಾದ ಕಾಲನ್ನು ಒದ್ದು ನಮ್ಮೆಲ್ಲರ ಮುಖಕ್ಕೆ ನೀರು ಹಾರಿಸಿತು. ನಾನು ಆ ಪಾದವನ್ನು ಮೊದಲ ಬಾರಿಗೆ ನೋಡಿದ್ದು ಆಗಲೇ. ಸಣ್ಣದು, ಪ್ಲಾಸ್ಟರಿನ ಒಳಗಿದ್ದು ಸುಕ್ಕುಗಟ್ಟಿದ್ದು, ಇನ್ನೂ ಒಳಕ್ಕೆ ತಿರುಗಿದ್ದು. ಹಿಮ್ಮಡಿ ಮೇಲಕ್ಕೆ ಎಳೆದುಕೊಂಡಿತ್ತು.

"ಬರಿ" ಎಂದಳು ವೀಣಾ.

ಕೂಸು ಮಿಸುಕುತ್ತಿತ್ತು, ಪಟ್ಟಿ ಕಟ್ಟುವ ನರ್ಸಮ್ಮ ಬಾಗಿಲಲ್ಲಿ ನಿಂತಿದ್ದಳು. ಚಹಾದಂಗಡಿಯಲ್ಲಿ ಕೊಚ್ಚಿಕೊಂಡದ್ದೆಲ್ಲ ಯಾವ ಮೂಲೆಗೆ ಹೋಯಿತೋ ಕಾಣೆ. ಹೇಗೋ ಬರೆದೆ, ತೋರಿಸಿದೆ. ಅಕ್ಕ "ಎಷ್ಟ್ ಚಂದ ಐತಿ" ಎಂದಳು. ವೀಣಾ ಹಾಳೆಯನ್ನು ನೋಡಿದಳು, ಮಗಳ ಕಾಲನ್ನು ನೋಡಿದಳು.

"ಇದು ನೆಟ್ಟಗೈತಿ ಅಪ್ಪಾ."

ಹೌದು, ನೆಟ್ಟಗಿತ್ತು. ಜೀವಮಾನವೆಲ್ಲ ಮಕ್ಕಳ ಸೊಟ್ಟ ಗೆರೆಗಳನ್ನು ತಿದ್ದಿದ ಕೈ, ನನ್ನನ್ನು ಕೇಳದೆಯೇ ಆ ಪಾದವನ್ನೂ ತಿದ್ದಿಬಿಟ್ಟಿತ್ತು.

"ಈಕಿ ಕಾಲು ಸೊಟ್ಟ ಐತಿ. ಹೆಂಗೈತೋ ಹಂಗ ಬರಿ."

ರಬ್ಬರಿನಿಂದ ಉಜ್ಜಿ ಮತ್ತೆ ಶುರುಮಾಡಿದೆ. ಈ ಸಲ ಹಾಳೆಗಿಂತ ಹೆಚ್ಚು ಹೊತ್ತು ಪಾದವನ್ನೇ ನೋಡಿದೆ. ಎಳೆದುಕೊಂಡ ಹಿಮ್ಮಡಿ, ಒಳಕ್ಕೆ ಹೊರಳಿದ ಅಂಗಾಲು, ಒಂದರ ಮೇಲೊಂದು ಬಿದ್ದ ಎರಡು ಬೆರಳು, ಎಲ್ಲ ಬಂತು. ನರ್ಸಮ್ಮ ಒದ್ದೆ ಪಟ್ಟಿ ಹಿಡಿದು ಹತ್ತಿರ ಬಂದಾಗ ವೀಣಾ ಒಂದು ನಿಮಿಷ ಎಂದು ಸನ್ನೆ ಮಾಡಿದಳು. ಮಗಳ ಪಾದವನ್ನು ಎತ್ತಿ ಚಿತ್ರದ ಪಕ್ಕಕ್ಕೆ ಹಿಡಿದು, ಎರಡೂ ಬರುವ ಹಾಗೆ ಫೋಟೊ ತೆಗೆದು, ಕೊಟ್ಟೂರು, ಹಡಗಲಿ, ಹರಪನಹಳ್ಳಿಯವರೆಲ್ಲ ಇರುವ ಮನೆಯ ಗ್ರೂಪಿಗೆ ಹಾಕಿದಳು.